ದವಡೆಯ ಕೀಲು ಒಪ್ಪಿಕೊಂಡದ್ದು

ನಾಗಸ್ವರ ನುಡಿಸುವ ಮುನಿವೆಂಕಟಪ್ಪನವರಿಗೆ ಕಿವಿನೋವು. ದಿನವೂ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಹನಿಸಿ ಹನಿಸಿ, ಕಿವಿಗೆ ಶ್ರುತಿಯೇ ಮಂಕಾಗಿ ಕೇಳತೊಡಗಿತು.

“ಅಕ್ಕಾ, ನೋವು ನನ್ನದು,” ಎಂದಿತು ಪಕ್ಕದ ದವಡೆಯ ಕೀಲು. “ನುಡಿಸುವಾಗ ಬಿಗಿದು ಬಿಗಿದು ಸವೆದಿದ್ದೇನೆ. ತಿಳಿದರೆ ವಾದ್ಯ ಬಿಡಿಸುತ್ತಾರೆಂದು ಅಡಗಿಕೊಂಡೆ.”

“ಬಲ್ಲೆ, ತಂಗಿ. ನಿನ್ನ ಸವೆತದ ಸದ್ದು ಮೊದಲು ಕೇಳಿಸಿದ್ದೇ ನನಗೆ,” ಎಂದಿತು ಕಿವಿ.

“ತಿಳಿದೂ ಎಣ್ಣೆ ಸಹಿಸಿದೆಯಾ?”

“ನಲವತ್ತು ವರ್ಷ ನೀನು ದುಡಿದದ್ದನ್ನೂ ಕೇಳಿದ್ದೇನಲ್ಲ.”

ಕೀಲು ನಾಚಿತು. ಮರುದಿನ ವೈದ್ಯೆ ಕಿವಿಯ ಮುಂದೆ ಬೆರಳಿಟ್ಟು, “ಯಜಮಾನರೇ, ಬಾಯಿ ತೆರೆಯಿರಿ” ಎಂದಾಗ, ಅದು ಎಲ್ಲರಿಗೂ ಕೇಳುವಂತೆ ‘ಕಟಕ್’ ಎಂದಿತು.

“ಸಿಕ್ಕಿತು. ಎಣ್ಣೆ ನಿಲ್ಲಿಸಿ, ಆರು ವಾರ ವಾದ್ಯ ಮುಟ್ಟಬೇಡಿ.”

ಏಳನೆಯ ವಾರ ಮುನಿವೆಂಕಟಪ್ಪನವರು ಮೆಲ್ಲನೆ ಷಡ್ಜ ಹಿಡಿದರು.

“ಶುದ್ಧವಾಗಿದೆ, ತಂಗಿ,” ಎಂದಿತು ಕಿವಿ.