ಮೀಸೆಗಂಟಿಸಿದ ಅರಳೆ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಯಾವ ಹೊಳೆ, ಯಾವ ಸೀಮೆ ಎಂದು ಕೇಳಬೇಡಿ. ಈ ಕಥೆಗೆ ಬೇಕಾದಷ್ಟು ನೀರು ಅದರಲ್ಲಿತ್ತು ಎಂದುಕೊಂಡರೆ ಸಾಕು.

ಅಲ್ಲೊಬ್ಬರು ಗುರುಗಳು. ವಯಸ್ಸಾಗಿತ್ತು, ಎಷ್ಟೋ ಹಲ್ಲು ಉದುರಿದ್ದವು, ಕುತೂಹಲ ಮಾತ್ರ ಒಂದಿಷ್ಟೂ ಸವೆದಿರಲಿಲ್ಲ. ಇರುವೆಸಾಲು ಕಂಡರೂ ಸರಿ, ಎಲ್ಲಿಗೆ ಹೊರಟಿವೆ ಎಂದು ಅದರ ಹಿಂದೆಯೇ ಹೋಗಿ ನೋಡಿಕೊಂಡು ಬರುವ ಮನುಷ್ಯ.

ಅವರ ಶಿಷ್ಯ ಗುರುಮಲ್ಲ. ಅವನಿಗೆ ಎರಡು ಕೆಲಸ. ಸಂಜೆ ಹೊಳೆಯ ಮೆಟ್ಟಿಲ ಮೇಲೆ ನಿಂತು ಶಂಖ ಊದುವುದು ಒಂದು. ಆ ದನಿ ಕೇಳಿ ಆಚೆ ದಂಡೆಯ ಹಳ್ಳಿಯವರು ಮನೆಮನೆಯಲ್ಲಿ ದೀಪ ಹಚ್ಚುತ್ತಿದ್ದರು. ಇನ್ನೊಂದು, ಆಶ್ರಮದ ಮೊಬೈಲು ನೋಡಿಕೊಳ್ಳುವುದು. ಭಕ್ತರ ಮೆಸೇಜುಗಳಿಗೆಲ್ಲ ಅವನೇ ಉತ್ತರ ಕೊಡಬೇಕು.

ಮೊದಲನೆಯದು ಅವನು ಬೇಡಿ ಪಡೆದ ಕೆಲಸ. ಎರಡನೆಯದು ಹೇಗೋ ಬಂದು ಹೆಗಲೇರಿದ್ದು.

ಒಂದು ಬೆಳಗ್ಗೆ ಗುರುಮಲ್ಲ ಶಂಖವನ್ನು ಬಟ್ಟೆಯಲ್ಲಿ ಸುತ್ತಿ ತಂದು ಗುರುಗಳ ಮುಂದಿಟ್ಟ.

"ಬುದ್ಧೀ, ಶಂಖ ಸೀಳು ಬಿಟ್ಟಿದೆ."

"ಎಲ್ಲಿ?"

"ಕಣ್ಣಿಗೆ ಕಾಣಿಸ್ತಿಲ್ಲ. ಊದಿದರೆ ಬರೀ ಬುಸ್ ಅನ್ನುತ್ತೆ. ನಿನ್ನೆ ಆಚೆ ದಂಡೆಯವರು ದೀಪ ಹಚ್ಚಿದ್ದು ಪೂರಾ ಕತ್ತಲಾದ ಮೇಲೆ."

ಗುರುಗಳು ಶಂಖ ಎತ್ತಿ ಇದ್ದ ಹಲ್ಲಿನಲ್ಲೇ ಊದಿದರು. ಕೊಟ್ಟಿಗೆಯ ಹಸು ತಲೆಯೆತ್ತಿ ನೋಡಿತು. ಸೂರಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು.

"ಶಂಖ ಚೆನ್ನಾಗೇ ಇದೆಯಲ್ಲಯ್ಯ."

ಗುರುಮಲ್ಲನ ಮುಖ ಸಣ್ಣದಾಯಿತು.

"ಹಾಗಾದ್ರೆ ಸೀಳು ಬಿಟ್ಟಿರೋದು ನಾನೇ ಬುದ್ಧೀ. ಎದೆಯಲ್ಲಿ ಉಸಿರೇ ನಿಲ್ಲಲ್ಲ. ಕತ್ತು ಕಲ್ಲಾಗಿದೆ. ಬೆಳಗ್ಗೆ ಏಳುವಾಗಲೇ ದವಡೆ ನೋವು, ಆಮೇಲೆ ಹೊಟ್ಟೆ ಉರಿ. ಡಾಕ್ಟರ ಹತ್ತಿರ ಹೋಗಿದ್ದೆ. ಎದೆ ಬಡಿತ ಕೇಳಿದರು, ಎಕ್ಸ್‌ರೇ ತೆಗೆದರು, ಏನೂ ಇಲ್ಲ, ಗಟ್ಟಿಮುಟ್ಟಾಗಿದ್ದೀರಿ ಅಂದರು."

"ಆಳು ಗಟ್ಟಿಮುಟ್ಟು, ಉಸಿರು ನಾಪತ್ತೆ. ಭಲೇ!"

"ನಗಬೇಡಿ ಬುದ್ಧೀ. ಶಂಖ ತಗೊಂಡುಬಿಡಿ. ಈ ಕೆಲಸ ಇನ್ನು ನನ್ನ ಕೈಲಾಗಲ್ಲ." ಸುತ್ತಿ ತಂದ ಬಟ್ಟೆ ಮಡಿಸುತ್ತ ಹೇಳಿದ: "ಸಂಜೆಗೆ ಒಂದು ಏರ್ಪಾಡು ಮಾಡಿದ್ದೀನಿ. ಮೊಬೈಲಲ್ಲಿ ಶಂಖದ ದನಿ ಸಿಗುತ್ತೆ. ಮೈಕಿಗೆ ಹಾಕಿದರೆ ಆಚೆ ದಂಡೆಯೇನು, ಅದರಾಚೆಗೂ ಕೇಳುತ್ತೆ."

"ಮೊಬೈಲಿಗೆ ಉಸಿರಿದೆಯಾ?"

"ಇಲ್ಲ."

"ನಿನಗೆ?"

ಗುರುಮಲ್ಲ ನೆಲ ನೋಡಿದ. "ಇತ್ತು."

"ಇದ್ದದ್ದು ಎಲ್ಲಿಗೆ ಹೋಯಿತು?" ಗುರುಗಳ ಕಣ್ಣು ಮಿನುಗತೊಡಗಿದವು. "ಇದು ಕಳವು ಕಣಯ್ಯ! ಯಾರೋ ದಿನಾ ಒಂದಿಷ್ಟೊಂದಿಷ್ಟೇ ಉಸಿರು ಹೊತ್ತುಕೊಂಡು ಹೋಗ್ತಿದ್ದಾರೆ. ಹಿಡಿದೇಬಿಡೋಣ. ಸಂಜೆತನಕ ಶಂಖ ನಿನ್ನ ಹತ್ತಿರವೇ ಇರಲಿ. ಕಳ್ಳ ಸಿಗದಿದ್ದರೆ ಶಂಖ ನನಗೆ, ಮೈಕು ನಿನಗೆ."

ಜಗಲಿಯಲ್ಲಿ ಪುಟ್ಟಗೌರಮ್ಮ ದೀಪದ ಬತ್ತಿ ಹೊಸೆಯುತ್ತಿದ್ದಳು. ಗುರುಗಳನ್ನೇ ಗದರಿಸುವ ಹಕ್ಕು ಆಶ್ರಮದಲ್ಲಿ ಆಕೆಗೊಬ್ಬಳಿಗೇ ಇದ್ದದ್ದು. ಗುರುಗಳು ಆಕೆಯ ಬುಟ್ಟಿಯಿಂದ ಚಿಟಿಕೆ ಅರಳೆ ತೆಗೆದುಕೊಂಡರು. ಅಡುಗೆಮನೆಯಿಂದ ಒಂದು ಬೆರಳು ಜೋನಿಬೆಲ್ಲ ತಂದರು. ಅರಳೆಯ ಎಳೆಯನ್ನು ಗುರುಮಲ್ಲನ ಮೂಗಿನ ಕೆಳಗೆ, ಮೀಸೆಗೆ ಅಂಟಿಸಿದರು.

"ಇದೇನ್ ಬುದ್ಧೀ, ಹುಡುಗನಿಗೆ ನಾಟಕದ ವೇಷ ಕಟ್ತಿದ್ದೀರಾ?" ಪುಟ್ಟಗೌರಮ್ಮ ಕೇಳಿದಳು.

"ಕಾವಲಿಗೆ ಆಳು ಇಡ್ತಿದ್ದೀನಿ ತಾಯಿ."

"ಇರುವೆ ಬರ್ತವೆ ಬುದ್ಧೀ," ಅಂದ ಗುರುಮಲ್ಲ.

"ಬಂದರೆ ಉಫ್ ಅನ್ನು. ಅಷ್ಟು ಉಸಿರಾದರೂ ಉಳಿದಿದೆ ತಾನೇ?"

ಗುರುಮಲ್ಲ ಅಂಗಳ ಗುಡಿಸಿದ. ಮೀಸೆಯ ಕೆಳಗೆ ಅರಳೆ ಹೊರಗೊಮ್ಮೆ, ಒಳಗೊಮ್ಮೆ ತೂಗಿತು. ಗುರುಗಳು ಬೆನ್ನ ಹಿಂದೆಯೇ ಬಂದು, ಬಗ್ಗಿ ಬಗ್ಗಿ ಇಣುಕಿದರು.

"ಕಸಬರಿಗೆಯಲ್ಲಿ ಕಳ್ಳ ಇಲ್ಲ."

ಬಾವಿಯಿಂದ ನೀರು ಸೇದಿದ. ಅರಳೆ ಕುಣಿಯಿತು.

"ಬಾವಿಯಲ್ಲೂ ಇಲ್ಲ."

ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ಅರಳೆಗೆ ಸಾರು ಸಿಡಿಯಿತು, ಆದರೂ ಆಡಿತು.

"ಊಟದಲ್ಲಂತೂ ಇಲ್ಲವೇ ಇಲ್ಲ," ಎಂದು ಗುರುಗಳು ತಮಗೂ ಒಂದು ಮುದ್ದೆ ಬಡಿಸಿಕೊಂಡರು.

ಕೈತೊಳೆದು ಗುರುಮಲ್ಲ ಬೆಂಚಿನ ಮೇಲೆ ಕೂತು ಮೊಬೈಲು ಕೈಗೆ ತೆಗೆದುಕೊಂಡ.

ಟಿಂಗ್.

ಅವನ ಹೆಗಲೆರಡೂ ಕಿವಿಯ ಕಡೆಗೆ ಏರಿದವು. ತುಟಿ ಬಿಗಿಯಿತು. ಹೆಬ್ಬೆರಳು ಗಾಜಿನ ಮೇಲೆ ಓಡಿತು.

ಟಿಂಗ್. ಟಿಂಗ್.

ಅರಳೆ ನಿಂತಿತು.

ಗುರುಗಳು ಮಂಡಿಯೂರಿ, ಅವನ ಮೂಗಿನ ಹತ್ತಿರಕ್ಕೇ ಮುಖ ತಂದು ನೋಡಿದರು. ಗಾಳಿಯಿಲ್ಲದ ಮಧ್ಯಾಹ್ನದ ಎಲೆಯ ಹಾಗೆ ಅರಳೆ ಜೋತುಬಿದ್ದಿತ್ತು.

ಅಷ್ಟರಲ್ಲಿ ಪುಟ್ಟಗೌರಮ್ಮ ಬತ್ತಿಯ ತಟ್ಟೆ ಹಿಡಿದು ಅತ್ತ ಬಂದಳು. ತನ್ನ ಕಾಲದಲ್ಲಿ ಎಷ್ಟೋ ಹಿರಿಯರ ಕೊನೆಗಳಿಗೆಯಲ್ಲಿ, ಜೀವ ಇದೆಯೋ ಇಲ್ಲವೋ ನೋಡಲು, ಮೂಗಿಗೆ ಅರಳೆ ಹಿಡಿದ ಕೈ ಆಕೆಯದು. ಅಲುಗದ ಅರಳೆ ಕಂಡವಳೇ ತಟ್ಟೆ ಕೈಬಿಟ್ಟಳು.

"ಅಯ್ಯೋ ಶಿವನೇ! ಕೂತಲ್ಲೇ ಹೋಗ್ಬಿಟ್ನಲ್ಲಪ್ಪಾ!"

"ಶ್! ಹೋಗಿಲ್ಲ ತಾಯಿ," ಅಂದರು ಗುರುಗಳು. "ಮೆಸೇಜ್ ಓದ್ತಿದ್ದಾನೆ."

ಗುರುಮಲ್ಲ ಬೆಚ್ಚಿದ. ಕಟ್ಟಿದ್ದ ಉಸಿರು ಒಮ್ಮೆಲೇ ಹೊರಬಂತು. ಅರಳೆ ಹಾರಿ ಗಲ್ಲಕ್ಕೆ ಬಡಿಯಿತು.

"ನಾನು ಉಸಿರಾಡ್ತಿರಲಿಲ್ವಾ?"

"ನಮ್ಮೂರಲ್ಲಾಗಿದ್ರೆ ಇಷ್ಟು ಹೊತ್ತಿಗೆ ಚಟ್ಟ ಕಟ್ಟಿರೋರು," ಎಂದಳು ಪುಟ್ಟಗೌರಮ್ಮ, ಬತ್ತಿ ಆಯ್ದುಕೊಳ್ಳುತ್ತ.

ಗುರುಮಲ್ಲ ಮೊಬೈಲನ್ನು ಹಾವು ಹಿಡಿದವನ ಹಾಗೆ ದೂರ ಹಿಡಿದ. "ಇದನ್ನ ಹೊಳೆಗೆ ಎಸೆದುಬಿಡ್ತೀನಿ ಬುದ್ಧೀ."

"ಮೀನುಗಳು ನಿನಗೇನು ಮಾಡಿದ್ದವು?"

"ಕಳ್ಳ ಇದೇ ತಾನೇ?"

"ಅದು ಟಿಂಗ್ ಅಂತು, ಅಷ್ಟೆ. ಹೆಗಲೆತ್ತಿ ಉಸಿರು ಬಚ್ಚಿಟ್ಟವನು ಯಾರು?"

ಗುರುಮಲ್ಲ ಮೊಬೈಲನ್ನು ಮಡಿಲಿಗೆ ಇಳಿಸಿದ.

"ಜಿಂಕೆ ನೋಡಿದ್ದೀಯಾ?" ಗುರುಗಳು ಬೆಂಚಿನ ಮೇಲೆ ಪಕ್ಕದಲ್ಲೇ ಕೂತರು. "ಪೊದೆ ಸರಕ್ ಅಂದರೆ ಉಸಿರು ಹಿಡಿದು ನಿಲ್ಲುತ್ತೆ. ಹುಲಿ ಬಂದರೆ ಓಡುತ್ತೆ. ಬರದಿದ್ದರೆ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತೆ. ನಿನ್ನ ಪೊದೆ ದಿನವೆಲ್ಲ ಸರಕ್ ಸರಕ್. ನೀನು ಮೇಯೋದು ಯಾವಾಗ?"

"ಕೆಲವರು ನಿಜವಾಗ್ಲೂ ಹುಲಿಗಳೇ ಬುದ್ಧೀ."

"ಹೌದಾ! ನಾನು ಹುಲಿ ನೋಡಿ ಬಹಳ ಕಾಲ ಆಯ್ತು. ಜೋರಾಗಿ ಓದು, ಕೇಳೋಣ."

ಗುರುಮಲ್ಲ ಓದಿದ. "ಸೋಮವಾರ ಮನೆಯವರೆಲ್ಲ ಬರ್ತೀವಿ, ಬಿಸಿನೀರಿರೋ ರೂಮು ಬೇಕು."

"ಹುಲಿಯಾ?"

"ಅಲ್ಲ ಬುದ್ಧೀ."

ಒಂದೊಂದು ಮಾತಿಗೂ ಅರಳೆ ಹಾರುತ್ತಿತ್ತು. ಬಾಯಿಬಿಟ್ಟು ಓದುವವನು ಉಸಿರು ಕಟ್ಟುವುದಾದರೂ ಹೇಗೆ?

"ಬುದ್ಧಿಯವರ ಪ್ರವಚನ ನಮ್ಮ ಮೊಬೈಲಲ್ಲಿ ತಲೆಕೆಳಗಾಗಿ ಬರ್ತಿದೆ."

"ನೆಟ್ಟಗೆ ಕೂತು ಹೇಳಿದ್ದು ಯಾರ ತಲೆಗೂ ಹತ್ತಿರಲಿಲ್ಲ. ಹಾಗೇ ನೋಡ್ಲಿ ಬಿಡು. ಮುಂದೆ?"

ಗುರುಮಲ್ಲ ದನಿ ತಗ್ಗಿಸಿದ. "ಇದು ಆಶ್ರಮದ ಟ್ರಸ್ಟಿಗಳದು. ಹುಲಿ ಅಂದದ್ದು ಇವರನ್ನೇ. ಏನ್ರೀ ಇದು, ನೋಡಿಯೂ ಉತ್ತರ ಇಲ್ಲ, ಅಂದಿದ್ದಾರೆ."

"ಕೇಳಿದ್ದೇನು?"

ಹೆಬ್ಬೆರಳಿನಿಂದ ಮೇಲಕ್ಕೆ ಸರಿಸಿ ನೋಡಿದ. "ಮೊನ್ನೆ ಛತ್ರಿ ಮರೆತು ಹೋದೆ, ಸಿಕ್ಕಿತಾ?"

"ಆ ಕರೀ ಛತ್ರೀನಾ?" ಪುಟ್ಟಗೌರಮ್ಮ ಅಂದಳು. "ಅಡುಗೆಮನೆ ಮೂಲೇಲಿ ನಿಂತಿದೆ. ಬಂದು ತಗೊಂಡು ಹೋಗಕ್ಕೆ ಹೇಳು. ಒಂದು ಕಡ್ಡಿ ಮುರಿದಿದೆ, ನಾವು ಮುರಿದಿದ್ದಲ್ಲ ಅಂತಾನೂ ಬರಿ."

ಗುರುಮಲ್ಲ ನಕ್ಕುಬಿಟ್ಟ. ಅರಳೆಗೆ ಬಿರುಗಾಳಿ ಬಂದಂತಾಯಿತು.

ಮುಂದಿನದನ್ನು ಅವನು ಓದಲಿಲ್ಲ. ಕಣ್ಣು ಮಾತ್ರ ಅಕ್ಷರಗಳ ಮೇಲೆ ಹೋಯಿತು.

"ಅರಳೆ ನಿಂತಿತು," ಅಂದರು ಗುರುಗಳು.

"ಇದು ಆಚೆ ದಂಡೆಯಿಂದ ಬುದ್ಧೀ. ನಿನ್ನೆಯದು."

"ಓದು."

"ಶಂಖ ಕೇಳಿಸಲಿಲ್ಲ. ಊದೋರು ಇದ್ದಾರೋ, ಹೋದರೋ?"

ಪುಟ್ಟಗೌರಮ್ಮ ಅರಳೆಯನ್ನೇ ನೋಡಿದಳು.

"ಇದಕ್ಕೆ ಏನು ಬರೆಯಲಿ ಬುದ್ಧೀ? ನಿನ್ನೆಯಿಂದ ಎದೆಯ ಮೇಲೆ ಕೂತಿದೆ."

"ಕೂತಿರಲಿ ಬಿಡು. ಸಂಜೆಗೆ ನೋಡೋಣ."

ಆಮೇಲೆ ಬಂದ ಮೆಸೇಜುಗಳನ್ನೆಲ್ಲ ಗುರುಮಲ್ಲ ಬಾಯಿಬಿಟ್ಟೇ ಓದಿದ. ಭಕ್ತರು ಕೇಳಿದ್ದಕ್ಕಿಂತ ಹೆಚ್ಚಿನ ಉತ್ತರಗಳನ್ನು ಪುಟ್ಟಗೌರಮ್ಮ ಕೊಟ್ಟಳು.

ಹೊತ್ತು ಇಳಿಯಿತು. ಗುರುಮಲ್ಲ ಮೊಬೈಲನ್ನು ಹೊಳೆಯ ಮೆಟ್ಟಿಲ ಮೇಲಿಟ್ಟು, ಶಂಖ ಎತ್ತಿಕೊಂಡ. ಮೀಸೆಯಲ್ಲಿ ಅರಳೆ ಇನ್ನೂ ಇತ್ತು. ಬೇಕಾದರೆ ಇರಲಿ ಎಂದು ಮೈಕೂ ಗೋಡೆಗೊರಗಿ ನಿಂತಿತ್ತು.

ಊದಿದ. ಬುಸ್.

ಗುರುಗಳ ಕಡೆ ನೋಡಿದ. ಅವರು ನೀರಿನ ಮೇಲೆ ಓಡಾಡುವ ಹುಳವೊಂದು ಯಾಕೆ ಮುಳುಗುವುದಿಲ್ಲ ಎಂದು ನೋಡುತ್ತಿದ್ದರು.

ಮತ್ತೆ ಶಂಖ ತುಟಿಗಿಟ್ಟ. ಅಷ್ಟರಲ್ಲಿ ಕಾಲ ಬಳಿ, ಟಿಂಗ್.

ಹೆಗಲು ಮೇಲಕ್ಕೆ ಹೊರಟಿತು. ಹೊರಟದ್ದು ಈ ಸಲ ಅವನಿಗೇ ತಿಳಿಯಿತು. ತಿಳಿದದ್ದೇ ತಡ, ತಾನಾಗಿ ಇಳಿಯಿತು. ಅರಳೆ ಒಳಕ್ಕೆ ಬಾಗಿತು, ಹೊರಕ್ಕೆ ಬಾಗಿತು, ಮತ್ತೆ ಒಳಕ್ಕೆ ಬಾಗಿ ಬಹಳ ಹೊತ್ತು ಹಾಗೇ ಇತ್ತು.

ಶಂಖ ಮೊಳಗಿತು.

ದನಿ ಹೊಳೆಯ ಮೇಲೆ ಹಾಸಿಕೊಂಡು ಹೋಯಿತು. ಅದು ಮುಗಿದ ಮೇಲೆ ಗುರುಮಲ್ಲ ಬಿಟ್ಟ ನಿಟ್ಟುಸಿರಿಗೆ ಅರಳೆ ಮೀಸೆಯಿಂದ ಕಳಚಿ, ನೀರಿನ ಮೇಲೆ ತೇಲಿಹೋಯಿತು.

ಆಚೆ ದಂಡೆಯಲ್ಲಿ ಒಂದು ದೀಪ ಕಾಣಿಸಿತು. ಅದರ ಪಕ್ಕ ಇನ್ನೊಂದು. ಆಮೇಲೆ ಒಂದು ಸಾಲು.

ಗುರುಮಲ್ಲ ಮೊಬೈಲು ಎತ್ತಿ, ಜೋರಾಗಿಯೇ ಓದಿದ. "ಶಂಖ ಊದೋರು ಇದ್ದಾರೋ, ಹೋದರೋ? ಇವತ್ತಾದರೂ ಹೇಳಿ." ಅವನು ಗುರುಗಳ ಕಡೆ ತಿರುಗಿದ. "ಬುದ್ಧೀ, ಶಂಖ ತುಟಿಗಿಟ್ಟಾಗ ಬಂದದ್ದು ಇದೇ. ಏನಂತ ಉತ್ತರ ಕೊಡಲಿ?"

ಗುರುಗಳು ಹುಳವನ್ನು ಬಿಟ್ಟು ತಲೆಯೆತ್ತಿ, ಆಚೆ ದಂಡೆಯ ದೀಪಗಳನ್ನು ನೋಡಿದರು.

"ಕೊಟ್ಟೆಯಲ್ಲಯ್ಯ. ಅವರು ಓದಿಕೊಂಡೂ ಆಯ್ತು, ನೋಡು."