ಕಡ್ಡಿಚಿಟ್ಟೆಯ ಜೊಂಡಿನ ಮೇಲೆ ಕೂತ ಎಮ್ಮೆ

ಗಲಾಟೆ ನಿಲ್ಲಿಸಿ. ಕೂತ್ಕೊಂಡ್ರಾ? ಹೂಂ, ಕೇಳಿ.

ಒಂದು ಕೆರೆ. ಕೆರೆ ಅಂಚಲ್ಲಿ ಒಂದು ಕಡ್ಡಿಚಿಟ್ಟೆ. ಏರೋಪ್ಲೇನ್ ಚಿಟ್ಟೆ ನೋಡಿದ್ದೀರಲ್ಲ, ಅದರ ಪುಟ್ಟ ತಂಗಿ. ಮೈ ಸೂಜಿಯಷ್ಟು ಸಪೂರ. ಹೊಟ್ಟೆ ಹಳದಿ. ಬಾಲದ ತುದಿ ನೀಲಿ. ಕೂತರೆ ರೆಕ್ಕೆ ಮಡಚಿಕೊಂಡೇ ಕೂರೋದು.

ಕೆರೆ ಬತ್ತಿ ಚೂರೇ ಚೂರು ನೀರು ಉಳಿದಿತ್ತು. ನೀರಲ್ಲಿ ನಿಂತಿದ್ದು ಒಂದೇ ಒಂದು ಜೊಂಡು. ಆ ಜೊಂಡಿನೊಳಗೆ ಕಡ್ಡಿಚಿಟ್ಟೆ ಮೊಟ್ಟೆ ಇಡಬೇಕು. ಹೊತ್ತು ಮುಳುಗೋದರೊಳಗೆ ಇಡಬೇಕು. ತಿಂಡಿನೂ ತಿನ್ನದೆ ಹಾರಿ ಬಂತು. ಬಂದು ನೋಡಿದರೆ ಜೊಂಡು ಎಲ್ಲಿ? ಜೊಂಡಿನ ಮೇಲೆ ಎಮ್ಮೆ ಕೂತಿದೆ!

"ಎಮ್ಮೇ, ಎಮ್ಮೇ, ಏಳು. ಜೊಂಡು ಬಿಡು."

"ಏಳಲ್ಲ. ನಮ್ಮಮ್ಮ ಕೂಗಿದರೇನೇ ಏಳೋದು."

ಅಯ್ಯೋ, ಈ ಎಮ್ಮೆಗೆ ಏನು ಹೇಳೋಣ!

ಎಮ್ಮೆ ಸಾಕಿದವಳು ಚನ್ನಾಜಮ್ಮ. ದಡದ ಹೊಂಗೆ ಮರಕ್ಕೆ ಸೀರೆ ಜೋಲಿ ಕಟ್ಟಿ ಕೂಸನ್ನ ತೂಗುತ್ತಿದ್ದಳು.

"ಚನ್ನಾಜಮ್ಮಾ, ಚನ್ನಾಜಮ್ಮಾ, ಎಮ್ಮೇನ ಕೂಗಮ್ಮಾ. ಎಮ್ಮೆ ಏಳಲ್ಲ. ಜೊಂಡು ಬಿಡಲ್ಲ."

"ಈಗಾಗಲ್ಲ ಕಣವ್ವ. ಜೋಲಿ ಬಿಟ್ಟರೆ ಕೂಸು ಕಿರುಚುತ್ತೆ. ಅದು ಮಲಗಲಿ, ಬರ್ತೀನಿ."

ಅಯ್ಯೋ, ಈ ಚನ್ನಾಜಮ್ಮನಿಗೆ ಏನು ಹೇಳೋಣ!

"ಕೂಸೇ, ಕೂಸೇ, ಮಲಗು. ಚನ್ನಾಜಮ್ಮ ಬರಲ್ಲ. ಎಮ್ಮೆ ಏಳಲ್ಲ. ಜೊಂಡು ಬಿಡಲ್ಲ."

"ಉವ್ವಾ! ಮಲಗಲ್ಲ. ಸೊಳ್ಳೆ ಕಚ್ಚುತ್ತೆ. ಉವ್ವಾ!"

ಅಯ್ಯೋ, ಈ ಕೂಸಿಗೆ ಏನು ಹೇಳೋಣ!

ಹೊತ್ತು ಇಳೀತು. ಕಡ್ಡಿಚಿಟ್ಟೆಗೆ ಅಳು ಬಂತು. ಅಳುವಿಗಿಂತ ಸಿಟ್ಟು ಜಾಸ್ತಿ ಬಂತು.

"ಸೊಳ್ಳೇ, ಸೊಳ್ಳೇ, ಕಚ್ಚಬೇಡ. ಕೂಸು ಮಲಗಲ್ಲ. ಚನ್ನಾಜಮ್ಮ ಬರಲ್ಲ. ಎಮ್ಮೆ ಏಳಲ್ಲ. ಜೊಂಡು ಬಿಡಲ್ಲ."

"ಗುಂಯ್! ಕಚ್ಚೋದೇ! ಏನು ಮಾಡ್ತೀಯ? ಹೋಗು, ಇನ್ಯಾರನ್ನಾದರೂ ಕೇಳು."

"ಇನ್ಯಾರನ್ನ ಕೇಳಲಿ? ಕೇಳಿ ಕೇಳಿ ಸಾಕಾಯ್ತು! ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ. ಇನ್ಯಾರನ್ನ..."

ಕೂಗೋಕೆ ತೆರೆದ ಬಾಯಿ ಹಾಗೇ ನಿಂತಿತು. ಸೊಳ್ಳೇನ ನೋಡಿತು. ಮತ್ತೆ ನೋಡಿತು.

ಅಲ್ಲ ಮಕ್ಕಳೇ, ಕಡ್ಡಿಚಿಟ್ಟೆ ದಿನಾ ತಿನ್ನೋದು ಏನು? ಸೊಳ್ಳೆ!

ಗುಳುಂ!

ಸೊಳ್ಳೆ ಹೋಯ್ತು, ಕೂಸು ಮಲಗಿತು. ಕೂಸು ಮಲಗಿತು, ಚನ್ನಾಜಮ್ಮ ಬಂದಳು. ಚನ್ನಾಜಮ್ಮ ಬಂದಳು, "ಹೋಯ್, ಬಾರೇ" ಅಂದಳು. "ಹೋಯ್, ಬಾರೇ" ಅಂದಳು, ಎಮ್ಮೆ ಎದ್ದಿತು. ಎಮ್ಮೆ ಎದ್ದಿತು, ಜೊಂಡು ಸೊಂಯ್ ಅಂತ ನೆಟ್ಟಗಾಯ್ತು.

ಇನ್ನೂ ಚೂರು ಬಿಸಿಲಿತ್ತು. ಕಡ್ಡಿಚಿಟ್ಟೆ ಜೊಂಡಿನೊಳಗೆ ಮೊಟ್ಟೆ ಇಟ್ಟಿತು. ರೆಕ್ಕೆ ಮಡಚಿತು. "ಮೊದಲೇ ತಿಂಡಿ ತಿಂದಿದ್ದರೆ ಆಗ್ತಿತ್ತು" ಅಂತ ಗೊಣಗಿತು.

ಕಥೆ ಮುಗೀತು. ಏಳಿ, ಊಟಕ್ಕೆ ಏಳಿ. ಏಳಲ್ವಾ? ಅಯ್ಯೋ, ಈ ಎಮ್ಮೆಗಳಿಗೆ ಏನು ಹೇಳೋಣ!