ಕಾವಲಿಗೆ ಹೋದ ಮೀನುದೋಣಿ

"ಗುರುಗಳೇ, ಹೊಸ ಜವಾಬ್ದಾರಿ ಹೆಗಲಿಗೆ ಬಂದ ಮೇಲೆ ಮನುಷ್ಯ ತನ್ನ ಹಳೆಯ ರೂಢಿಯನ್ನು ಬಿಡಬೇಕಲ್ಲವೇ?" ಎಂದು ಶಿಷ್ಯ ಸಂಗಯ್ಯ ಕೇಳಿದ. ಮಠದ ಪಾರುಪತ್ಯ ಅವನ ಕೈಗೆ ಬಂದು ಎಂಟು ದಿನವಾಗಿತ್ತು.

ಗುರುಗಳು ನಕ್ಕರು. "ಎಂಟೇ ದಿನಕ್ಕೆ ಈ ಪ್ರಶ್ನೆ ಬಂತೇ? ಕೂತುಕೋ, ಹೇಳುತ್ತೇನೆ."

ಕಡಲ ತೀರದಲ್ಲಿ ಒಬ್ಬ ಬೆಸ್ತನಿದ್ದ. ಅವನಿಗೊಂದು ಮೋಟಾರು ದೋಣಿ. ಯುದ್ಧ ಬಂತು. ನೌಕಾಪಡೆಗೆ ಹಡಗುಗಳು ಸಾಲದೆ ಊರಿನ ಮೀನುದೋಣಿಗಳನ್ನೆಲ್ಲ ಕಾವಲಿಗೆ ತೆಗೆದುಕೊಂಡರು. ಇವನ ದೋಣಿಗೂ ಬೂದು ಬಣ್ಣ ಬಳಿದು, ಹೆಸರು ಅಳಿಸಿ ನಂಬರು ಬರೆದು, ಮುಂದುಗಡೆ ಬಂದೂಕು ಕೂರಿಸಿದರು. ಎಂಜಿನ್ ಮಾತ್ರ ಬೇರೆ ಯಾರ ಕೈಗೂ ಬಗ್ಗಲಿಲ್ಲ. ಬೆಸ್ತ ಅದನ್ನು ತಟ್ಟಿ, "ಏಳು ತಾಯಿ, ಹೊತ್ತಾಯಿತು" ಅಂದರೇನೇ ಅದು ಏಳುವುದು. ಹಾಗಾಗಿ ಅವನನ್ನೂ ಜೊತೆಗೇ ಇಟ್ಟುಕೊಂಡರು. ದೋಣಿಯನ್ನು ಬಿಟ್ಟಿರಬೇಕಾಗಲಿಲ್ಲವಲ್ಲ ಎಂದು ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಕೊಟ್ಟ ಟೋಪಿಯನ್ನು ಮಲಗುವಾಗಲೂ ತೆಗೆಯಲಿಲ್ಲ. ದೋಣಿಯ ಅಧಿಕಾರಿ ಮೊದಮೊದಲು ನಗುತ್ತಿದ್ದ. ಆಮೇಲೆ ಅವನೂ ಒಂದು ಬೆಳಿಗ್ಗೆ ಎಂಜಿನ್ನಿಗೆ ಮೆಲ್ಲಗೆ "ಏಳು ತಾಯಿ" ಅಂದನಂತೆ.

ಒಂದು ಮಧ್ಯಾಹ್ನ ಗುರುತಿಲ್ಲದ ದೋಣಿಯೊಂದು ಕಣ್ಣಿಗೆ ಬಿತ್ತು. ಅಂಥದ್ದರ ಹತ್ತಿರ ಹೋಗಬಾರದು, ಯಾರೆಂದು ಮೂರು ಸಲ ಕೂಗಿ ಕೇಳಬೇಕು, ಉತ್ತರ ಬಾರದಿದ್ದರೆ ಗುಂಡು ಹಾರಿಸಬೇಕು ಎಂದು ಅಪ್ಪಣೆಯಿತ್ತು. ಅಂಥ ದೋಣಿಗಳಲ್ಲಿ ಶತ್ರುಗಳು ಸಿಡಿಮದ್ದು ತುಂಬಿ ಬಿಡುತ್ತಿದ್ದರು; ಹತ್ತಿರ ಹೋದ ಎರಡು ಕಾವಲು ದೋಣಿಗಳು ಹಿಂದೆ ಹಾಗೇ ಸಿಡಿದುಹೋಗಿದ್ದವು. ಬೆಸ್ತ ದೋಣಿಯನ್ನು ದೂರದಲ್ಲೇ ನಿಲ್ಲಿಸಿದ. ಅಧಿಕಾರಿ ಕೂಗಿದ. ಉತ್ತರವಿಲ್ಲ. ಎರಡನೆಯ ಸಲ ಕೂಗುವಷ್ಟರಲ್ಲಿ ಬೆಸ್ತ ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನೀರಿಗೆ ಧುಮುಕಿದ್ದ. ಕೆಟ್ಟು ನಿಂತ ದೋಣಿ ಕಂಡರೆ ಮೊದಲು ಹಗ್ಗ ಕಟ್ಟಬೇಕು, ಹೆಸರು ಕೇಳುವುದು ಆಮೇಲೆ. ಬೆಸ್ತರ ರೂಢಿ ಅದು. ತಮ್ಮವನೇ ನೀರಿನಲ್ಲಿರುವಾಗ ಇನ್ನು ಗುಂಡು ಹಾರಿಸುವ ಹಾಗಿರಲಿಲ್ಲ.

ಅದರಲ್ಲಿದ್ದವರು ನಾಲ್ವರು ಮೀನುಗಾರರು, ಶತ್ರುದೇಶದವರು. ಎಂಜಿನ್ ಕೆಟ್ಟು, ಕುಡಿಯುವ ನೀರು ಮುಗಿದು, ಕೂಗಲು ಅವರಿಗೆ ಸ್ವರವೇ ಉಳಿದಿರಲಿಲ್ಲ. ಹಗ್ಗ ಬಿಗಿದು ಬೆಸ್ತ ಈಜಿ ಬಂದ.

"ಯಾರು ಏನು ಎಂದು ತಿಳಿಯದೆ ಹೋದೆಯಲ್ಲ, ನಿನಗೆ ಬುದ್ಧಿ ಇದೆಯೇ?" ಎಂದು ಅಧಿಕಾರಿ ಬೈದ.

"ಕೇಳೋಣ ಸ್ವಾಮಿ, ಮೊದಲು ಅವರು ನೀರು ಕುಡಿಯಲಿ" ಅಂದ ಬೆಸ್ತ.

ಅಧಿಕಾರಿ ಬೈಯುತ್ತಲೇ ತನ್ನ ನೀರಿನ ಬಾಟಲಿಯನ್ನು ಅವನ ಕೈಗಿತ್ತ.

ಸಂಗಯ್ಯನಿಗೆ ಸಮಾಧಾನವಾಗಲಿಲ್ಲ. "ಆ ದೋಣಿಯಲ್ಲಿ ನಿಜವಾಗಿ ಸಿಡಿಮದ್ದೇ ಇದ್ದಿದ್ದರೆ, ಗುರುಗಳೇ?"

"ಸಾಯುತ್ತಿದ್ದ ಕಣಯ್ಯಾ, ತನ್ನ ದೋಣಿಯನ್ನು ಅಷ್ಟು ದೂರ ನಿಲ್ಲಿಸಿ ಅವನು ಒಬ್ಬನೇ ಈಜಿದ್ದು ಅದಕ್ಕೇ."